ಫೈಬರ್ ಬಾಡಿಗೆ ತೇಪೆ ಹಾಕುವ ಮುಂಚೆ

ಕಳೆದ ತಿಂಗಳು ನಮ್ಮ ಶೆಡ್ಡಿಗೆ ಒಂದು ಹಳೇ ಸಿಪಾನಿ ಡಾಲ್ಫಿನ್ ಬಂತು. 1980ರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲೇ ತಯಾರಾದ ಫೈಬರ್ ಬಾಡಿ ಕಾರು. ಬಾನೆಟ್ ಮೂಲೆಯಲ್ಲಿ ಯಾವುದೋ ಗ್ಯಾರೇಜಿನವರು ಹಾಕಿದ ತೇಪೆ ಇತ್ತು. ಅಂಚಿಗೆ ಉಗುರು ಕೊಟ್ಟು ಎತ್ತಿದೆ, ಇಡೀ ತೇಪೆ ಕೈಗೆ ಬಂತು. ತಿರುಗಿಸಿ ನೋಡಿದರೆ ಅದರ ಬೆನ್ನಿಗೆ ಹಳೇ ಕೆಂಪು ಬಣ್ಣ ಮೆತ್ತಿಕೊಂಡಿದೆ. ಅಂದರೆ ಅದು ಫೈಬರಿಗೆ ಅಂಟಿಯೇ ಇರಲಿಲ್ಲ, ಪೇಂಟಿಗೆ ಅಂಟಿತ್ತು ಅಷ್ಟೆ.

ತೇಪೆಗೆ ರೆಸಿನ್ ಬೇಕು, ಅಂದರೆ ಫೈಬರಿನ ಗಾಜಿನ ಎಳೆಗಳನ್ನು ಹಿಡಿದು ಗಟ್ಟಿಯಾಗುವ ಅಂಟು ದ್ರವ. ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಕೊಡುವುದು ಜಿಪಿ ರೆಸಿನ್, ಅಂದರೆ ಪಾಲಿಯೆಸ್ಟರ್. ಅಗ್ಗ, ಬೇಗ ಗಟ್ಟಿಯಾಗುತ್ತದೆ, ಅಚ್ಚಿನಲ್ಲಿ ಹೊಸ ಪ್ಯಾನೆಲ್ ಎಳೆಯುವುದಕ್ಕೆ ಒಳ್ಳೆಯದೇ. ಆದರೆ ಗಟ್ಟಿಯಾಗಿ ಎಷ್ಟೋ ವರ್ಷ ಆದ ಫೈಬರ್ ಜೊತೆ ಹೊಸ ರೆಸಿನ್ ಬೆರೆಯುವುದಿಲ್ಲ, ಮೇಲಿಂದ ಕಚ್ಚಿಕೊಳ್ಳುತ್ತದೆ ಅಷ್ಟೆ, ಆ ಕಚ್ಚುವ ಕೆಲಸದಲ್ಲಿ ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ ಪಾಲಿಯೆಸ್ಟರ್‌ಗಿಂತ ಎಷ್ಟೋ ಮೇಲು. ಕುಗ್ಗುವುದೂ ಕಡಿಮೆ. ಹಿಂಜ್ ಕೂರುವ ಜಾಗ, ಬಂಪರ್ ಬೋಲ್ಟ್ ಸುತ್ತ, ಇಂಥ ಅದುರುವ ಕಡೆಗೆಲ್ಲ ನಾನು ಎಪಾಕ್ಸಿಯನ್ನೇ ಬಳಸುತ್ತೇನೆ. ದುಡ್ಡು ಜಾಸ್ತಿ ಆಗುತ್ತದೆ, ನಿಜ.

ಎಪಾಕ್ಸಿ ತಂದವರೂ ಮ್ಯಾಟ್ ವಿಷಯದಲ್ಲಿ ಎಡವುತ್ತಾರೆ. ಚಾಪ್ಡ್ ಮ್ಯಾಟ್ ಅಂದರೆ ತುಂಡು ಗಾಜಿನ ಎಳೆಗಳ ಹಾಳೆ. ಆ ಎಳೆಗಳನ್ನು ಹಿಡಿದಿಡುವ ಅಂಟು ಕರಗುವುದು ಪಾಲಿಯೆಸ್ಟರ್‌ನಲ್ಲಿರುವ ದ್ರಾವಕ ಸ್ಟೈರೀನ್‌ಗೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಹಾಗಾಗಿ ಮ್ಯಾಟ್ ಮೆತ್ತಗಾಗುವುದಿಲ್ಲ, ಮೂಲೆಗೆ ಕೂರುವುದಿಲ್ಲ, ಅಲ್ಲಲ್ಲಿ ಬೆಳ್ಳಗೆ ಒಣಗಿದ ಹಾಗೇ ಉಳಿಯುತ್ತದೆ. ಎಪಾಕ್ಸಿಗೆ ನೇಯ್ದ ಗ್ಲಾಸ್ ಬಟ್ಟೆ ತನ್ನಿ. ಎಪಾಕ್ಸಿಯನ್ನು ಗಟ್ಟಿ ಮಾಡುವ ಹಾರ್ಡನರ್ ತೂಕ ಮಾಡಿಯೇ ಹಾಕಿ, ಡಬ್ಬಿ ಮೇಲೆ ಹೇಳಿದಷ್ಟೇ. ಬೇಗ ಒಣಗಲಿ ಅಂತ ಸುಮ್ನೆ ಎರಡು ಹನಿ ಹೆಚ್ಚು ಹಾಕಿದರೆ ತೇಪೆ ಮೆತ್ತಗೇ ಉಳಿದುಬಿಡುತ್ತದೆ.

ಇನ್ನು ಉಜ್ಜುವುದು. ಪೇಂಟ್, ಪುಟ್ಟಿ ಎಲ್ಲ ಹೋಗಿ ಫೈಬರ್ ಕಾಣಬೇಕು, ಅದೂ ಇಳಿಜಾರಾಗಿ. ಪ್ಯಾನೆಲ್ 3 ಮಿ.ಮೀ. ದಪ್ಪ ಇದ್ದರೆ ಬಿರುಕಿನಿಂದ ಎರಡೂ ಕಡೆಗೆ ಸುಮಾರು 36 ಮಿ.ಮೀ., ಅಂದರೆ ದಪ್ಪದ 12 ಪಟ್ಟು. ಕೈ ಹೋಗುವ ಕಡೆ ಒಳಗಿನಿಂದಲೂ ಒಂದೆರಡು ಪದರ ಕೊಡಿ. ಪುಟ್ಟಿ ಇರುವುದು ಮೇಲ್ಮೈ ಸಮ ಮಾಡುವುದಕ್ಕೆ, ಬಿರುಕು ಬೆಸೆಯುವುದಕ್ಕಲ್ಲ. ರೇವಾ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರಿಗೆ ಇದು ಬೇಡ, ಅದರ ಪ್ಯಾನೆಲ್ ಎಬಿಎಸ್ ಪ್ಲಾಸ್ಟಿಕ್, ಅದರ ದಾರಿಯೇ ಬೇರೆ.

ಪಾಲಿಯೆಸ್ಟರ್ ಬಳಸುವವರಿಗೆ ಒಂದು ಮಾತು. ರೆಸಿನ್ ಗಟ್ಟಿಯಾಗಲು ಅಂಗಡಿಯವರು ನೇರಳೆ ಬಣ್ಣದ ಕೋಬಾಲ್ಟ್, ನೀರಿನಂಥ ಕ್ಯಾಟಲಿಸ್ಟ್ ಎರಡನ್ನೂ ಬೇರೆ ಬೇರೆ ಬಾಟಲಿಯಲ್ಲಿ ಕೊಡುತ್ತಾರೆ. ಅವೆರಡನ್ನು ನೇರವಾಗಿ ಬೆರೆಸಲೇಬೇಡಿ, ಸಿಡಿಯುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್‌ನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಕ್ಯಾಟಲಿಸ್ಟ್. ಕ್ಯಾಟಲಿಸ್ಟಿನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು, ಮುಚ್ಚಳ ತೆಗೆಯುವ ಮುಂಚೆಯೇ ಕನ್ನಡಕ ಹಾಕಿಕೊಳ್ಳಿ.