ಆರ್ಗ್ಯಾನಿಕ್ ಹತ್ತಿ ತಂದರೆ ಸಾಕಾ?

ಪ್ರಶ್ನೆ: ನಾಲ್ಕು ಮೆಷಿನ್ ಇಟ್ಟುಕೊಂಡು ಶರ್ಟು, ಕುರ್ತಾ ಹೊಲಿಸಿ ಮಾರುತ್ತೇನೆ. ಆರ್ಗ್ಯಾನಿಕ್ ಹತ್ತಿ ಬಟ್ಟೆ ತಂದರೆ ‘ಪರಿಸರಸ್ನೇಹಿ’ ಅಂತ ಚೀಟಿ ಹಾಕಬಹುದಾ?

ಉತ್ತರ: ಒಳ್ಳೆಯ ಬಟ್ಟೆ ತನ್ನಿ, ಬೇಡ ಅನ್ನಲ್ಲ. ಆದರೆ ಅದು ನಿಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಬೆಳೆದವರು, ನೂತವರು, ಬಣ್ಣ ಹಾಕಿದವರು ಅದರ ಹಣೆಬರಹ ಬರೆದು ಮುಗಿಸಿರುತ್ತಾರೆ. ನಿಮ್ಮ ಕೈಯಲ್ಲಿ ನಿಜವಾಗಿ ಇರೋದು ಎರಡೇ: ಕತ್ತರಿ ಮತ್ತು ಕೂಲಿ.

ಮೊದಲು ಚೀಟಿಯ ವಿಷಯ ಮುಗಿಸಿಬಿಡೋಣ. ಜಿಒಟಿಎಸ್ ಅಂದರೆ ಸಾವಯವ (ಆರ್ಗ್ಯಾನಿಕ್) ನಾರಿನ ಬಟ್ಟೆಗೆ ಕೊಡುವ ಅಂತಾರಾಷ್ಟ್ರೀಯ ಪ್ರಮಾಣಪತ್ರ. ಅದರ ಗುರುತಿನಲ್ಲಿ ಎರಡು ದರ್ಜೆ ಇವೆ. ಒಂದಕ್ಕೆ ಕನಿಷ್ಠ 95% ಸಾವಯವ ನಾರು ಬೇಕು, ಇನ್ನೊಂದಕ್ಕೆ 70%. ಪ್ರಮಾಣಪತ್ರ ಇರುವ ಬಟ್ಟೆಯನ್ನೇ ಕೊಂಡರೂ, ನಿಮ್ಮ ಹೊಲಿಗೆ ಘಟಕಕ್ಕೆ ಪ್ರಮಾಣಪತ್ರ ಇಲ್ಲದಿದ್ದರೆ ಆ ಗುರುತನ್ನು ನಿಮ್ಮ ಶರ್ಟಿಗೆ ಹಾಕುವಂತಿಲ್ಲ. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬ ಗುರುತು ಬೇರೆಯದೇ. ಬಟ್ಟೆಯಲ್ಲಿ ಮೈಗೆ ಹಾನಿ ಮಾಡುವ ರಾಸಾಯನಿಕ ಇದೆಯಾ ಅಂತ ಮಾತ್ರ ಅದು ನೋಡುತ್ತದೆ. ಹತ್ತಿ ಸಾವಯವವೇ, ಕೂಲಿ ಸರಿಯಾಗಿ ಕೊಟ್ಟರೇ ಅಂತ ಹೇಳಲ್ಲ. ಇನ್ನು ‘ಬಿದಿರಿನ ಬಟ್ಟೆ’ ಅಂದರೆ ಬಹುಪಾಲು ವಿಸ್ಕೋಸ್ ಎಂಬ, ರಾಸಾಯನಿಕದಿಂದ ತಯಾರಿಸಿದ ನೂಲಿನ ಬಟ್ಟೆ. ಬಿದಿರನ್ನು ಕರಗಿಸಿ ನೂಲು ತೆಗೆಯಲು ಕಾರ್ಬನ್ ಡೈಸಲ್ಫೈಡ್ ಎಂಬ ವಿಷ ಬಳಸುತ್ತಾರೆ. ಹೆಸರು ಕೇಳಿ ಮರುಳಾಗಬೇಡಿ.

ಈಗ ಕತ್ತರಿ. ಕತ್ತರಿಸುವಾಗ ಬಟ್ಟೆಯ ಸುಮಾರು 10ರಿಂದ 15% ಚೂರಾಗಿ ಹೋಗೋದು ಸಾಮಾನ್ಯ. ಇದರಲ್ಲಿ ಸ್ವಲ್ಪ ಭಾಗ ಬಟ್ಟೆ ಕೊಳ್ಳುವಾಗಲೇ ತೀರ್ಮಾನ ಆಗಿರುತ್ತದೆ. ಹೂವೆಲ್ಲ ಒಂದೇ ಕಡೆ ಮುಖ ಮಾಡಿರುವ ಪ್ರಿಂಟು, ವೆಲ್ವೆಟ್, ಕಾರ್ಡುರಾಯ್ ತಗೊಂಡರೆ ಎಲ್ಲ ಭಾಗಗಳನ್ನೂ ಒಂದೇ ದಿಕ್ಕಿಗೆ ಹಾಸಬೇಕು. ಸಾದಾ ಬಟ್ಟೆಯಾದರೆ ಒಂದು ತೋಳನ್ನು ತಲೆಕೆಳಗು ಮಾಡಿ ಇನ್ನೊಂದರ ಪಕ್ಕಕ್ಕೆ ಸೇರಿಸಬಹುದು. ಉಳಿದ ಚೂರನ್ನು ಎಳೆಗೆ ಓರೆಯಾಗಿ ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಜೋಡಿಸಿ, ಕೊರಳಿನ ಪೈಪಿಂಗ್‌ಗೆ ಬಳಸಿ. ಜೇಬಿನ ಒಳಪದರಕ್ಕೂ ಆಗುತ್ತದೆ. ಚೂರಿನಿಂದ ಸುಮ್ನೆ ಗೊಂಬೆ, ಕೀಚೈನ್ ಮಾಡಿ ‘ಶೂನ್ಯ ತ್ಯಾಜ್ಯ’ ಅನ್ನೋದು ನನಗೆ ಅಷ್ಟು ಹಿಡಿಸಲ್ಲ. ಯಾರಿಗೂ ಬೇಡದ ವಸ್ತು ಆಮೇಲಾದರೂ ಕಸಕ್ಕೇ ಹೋಗುತ್ತದೆ, ಅಲ್ವಾ?

ಬಗಲಿನ ಹೊಲಿಗೆಯಲ್ಲಿ ಒಳಗೆ ಒಂದು ಇಂಚು ಬಟ್ಟೆ ಬಿಡಿ. ಕೊಂಡವರು ದಪ್ಪಗಾದರೆ ಬಿಚ್ಚಿ ಸಡಿಲ ಮಾಡಿಸಿಕೊಳ್ಳಬಹುದು. ಮೂರು ವರ್ಷ ಜಾಸ್ತಿ ಬಾಳುವ ಶರ್ಟು, ಆರ್ಗ್ಯಾನಿಕ್ ಅಂತ ಬರೆದು ಒಂದೇ ಬೇಸಿಗೆಗೆ ಹರಿಯುವ ಶರ್ಟಿಗಿಂತ ಮೇಲು.

ಕೂಲಿ ವಿಷಯದಲ್ಲಿ ‘ನಾವು ಚಿಕ್ಕವರು, ನಮ್ಮಲ್ಲಿ ಶೋಷಣೆ ಎಲ್ಲಿಂದ’ ಅನ್ನುವವರೇ ಹೆಚ್ಚು. 2013ರಲ್ಲಿ ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತ ಮೇಲೆ ದೊಡ್ಡ ಕಾರ್ಖಾನೆಗಳ ಮೇಲೆ ಜಗತ್ತಿನ ಕಣ್ಣು ಬಿತ್ತು. ಮನೆಯಲ್ಲೇ ಕೂತು ಕಾಜ ಹಾಕುವವರು, ಗುಂಡಿ ಹೊಲಿಯುವವರು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳಲ್ಲ.

ಪೀಸ್ ಲೆಕ್ಕದಲ್ಲಿ ಕೊಡೋದು ತಪ್ಪಲ್ಲ. ಆ ಲೆಕ್ಕವನ್ನು ಕಣ್ಣಂದಾಜಿನಲ್ಲಿ ಗೊತ್ತುಮಾಡೋದು ತಪ್ಪು. ತುಂಬಾ ಚುರುಕಿನವರನ್ನು ಬಿಟ್ಟು, ಸಾಧಾರಣ ವೇಗದವರನ್ನು ಕೂರಿಸಿ ಗಡಿಯಾರ ನೋಡಿ. ಬಾಬಿನ್‌ಗೆ ದಾರ ಸುತ್ತೋದು, ಕಾಲರ್ ತಿರುವಿ ಇಸ್ತ್ರಿ ಒತ್ತೋದು, ದಾರದ ತುದಿ ಕತ್ತರಿಸೋದು, ತಪ್ಪಿದ ಹೊಲಿಗೆ ಬಿಚ್ಚಿ ಮತ್ತೆ ಹಾಕೋದು, ಎಲ್ಲಾ ಲೆಕ್ಕಕ್ಕೆ ಬರಲಿ. ಒಂದು ಶರ್ಟಿಗೆ 80 ನಿಮಿಷ ಆಯಿತು ಅನ್ನಿ. 8 ಗಂಟೆಗೆ 6 ಶರ್ಟು. ನಡುವೆ ಬೆನ್ನು ನೆಟ್ಟಗೆ ಮಾಡಲು ಏಳೋ ಹೊತ್ತು ತೆಗೆದರೆ 5. ಆ 5 ಪೀಸಿನ ದುಡ್ಡು ಒಂದು ದಿನದ ನ್ಯಾಯವಾದ ಕೂಲಿಗೆ ಸಮ ಆಗಬೇಕು. ಆಗದಿದ್ದರೆ ಉಳಿದದ್ದನ್ನು ಅವರು ರಾತ್ರಿ ಕೂತು ದುಡಿದು ತುಂಬಿಸಿಕೊಳ್ಳುತ್ತಾರೆ. ಸಣ್ಣ ಘಟಕದಲ್ಲಿ ಹೀಗೆ ಆಗೋದೇ ಹೆಚ್ಚಾಗಿ ಆರ್ಡರ್ ಒಪ್ಪಿಕೊಳ್ಳುವಾಗ. ‘ನಾಳಿದ್ದೇ ಬೇಕು’ ಅಂದವರಿಗೆ ಆಗಲ್ಲ ಅನ್ನೋದು ಮಾಲೀಕರ ಕೆಲಸ.

ಬಣ್ಣವನ್ನೂ ನೀವೇ ಹಾಕುತ್ತೀರಾದರೆ ಒಂದು ಮಾತು: ಗಿಡಮೂಲಿಕೆಯ ಬಣ್ಣ ಅಂದಮಾತ್ರಕ್ಕೆ ನಿರಪಾಯ ಅಲ್ಲ. ಬಣ್ಣ ಹಿಡಿಸಲು ಪಟಿಕ ಬಳಸಿ. ಕ್ರೋಮಿಯಂ ಉಪ್ಪು ಬಳಸಿದರೆ ಆ ನೀರು ವಿಷ.

ಚೀಟಿಯಲ್ಲಿ ‘ಪರಿಸರಸ್ನೇಹಿ’ ಪದ ಬಿಟ್ಟುಬಿಡಿ. ನಿಮಗೆ ಖಚಿತವಾಗಿ ಗೊತ್ತಿರೋದನ್ನಷ್ಟೇ ಬರೆಯಿರಿ: ಬಟ್ಟೆ 100% ಹತ್ತಿ, ದಾರ ಪಾಲಿಯೆಸ್ಟರ್, ಗುಂಡಿ ತೆಂಗಿನ ಚಿಪ್ಪಿನದು, ಬಗಲಲ್ಲಿ ಒಂದು ಇಂಚು ಬಿಟ್ಟಿದೆ, ಹೊಲಿಗೆ ಬಿಟ್ಟರೆ ತನ್ನಿ, ಹಾಕಿಕೊಡುತ್ತೇವೆ.