ಫರ್ನೇಸ್ ಫಿಲ್ಟರ್: ದೊಡ್ಡ ನಂಬರ್ ಇದ್ದರೆ ಸಾಕೇ?

ಚಳಿ ಜೋರಾದಾಗ, ಬಿಸಿ ಗಾಳಿ ಹರಿಸಿ ಮನೆ ಬೆಚ್ಚಗಿಡುವ ಯಂತ್ರವಾದ ಫರ್ನೇಸ್ ಹೊತ್ತಿಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೇ ಆರಿಹೋಗುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಮನೆ ಮಾತ್ರ ಬೆಚ್ಚಗಾಗುವುದಿಲ್ಲ. ಇಂಥ ದೂರು ಬಂದರೆ ನಾನು ಮೊದಲು ಎಳೆದು ನೋಡುವುದು ಒಳಹೋಗುವ ಗಾಳಿಯ ಧೂಳು ಹಿಡಿಯುವ ಫಿಲ್ಟರನ್ನು. ಎಷ್ಟೋ ಸಲ ಅಲ್ಲಿ ಸಿಗುವುದು ಕಳಪೆ ಫಿಲ್ಟರ್ ಅಲ್ಲ, ತುಂಬಾ ದುಬಾರಿಯದು. ಮನೆಮಂದಿಗೆ ಒಳ್ಳೆಯ ಗಾಳಿ ಸಿಗಲಿ ಅಂತ ಪ್ರೀತಿಯಿಂದ ತಂದು ಹಾಕಿರುತ್ತಾರೆ. ಫರ್ನೇಸ್‌ಗೆ ಉಸಿರು ಕಟ್ಟಿರುತ್ತದೆ.

ಆಗುವುದು ಇಷ್ಟು. ಬೆಂಕಿಯ ಬಿಸಿಯನ್ನು ಹೀಟ್ ಎಕ್ಸ್‌ಚೇಂಜರ್‌ನಿಂದ (ಬೆಂಕಿಯಿಂದ ಕಾಯುವ ಲೋಹದ ಭಾಗದಿಂದ) ಹೊತ್ತೊಯ್ಯಲು ಬೇಕಾದಷ್ಟು ಗಾಳಿ ಹರಿಯಬೇಕು. ಫಿಲ್ಟರ್ ತಡೆದರೆ ಒಳಗಿನ ಲೋಹ ವಿಪರೀತ ಕಾಯುತ್ತದೆ. ಆಗ ಬಿಸಿ ಮಿತಿ ಮೀರದಂತೆ ನೋಡಿಕೊಳ್ಳುವ ಲಿಮಿಟ್ ಸ್ವಿಚ್ ಬರ್ನರನ್ನು ಆರಿಸುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಲೋಹ ಬಿರುಕು ಬಿಡಲೂಬಹುದು. ಬೇಸಿಗೆಯಲ್ಲಿ ಫರ್ನೇಸ್‌ನ ಗಾಳಿ ತಳ್ಳುವ ಫ್ಯಾನ್, ಅಂದರೆ ಬ್ಲೋಯರ್, ಏಸಿಗೂ ಗಾಳಿ ಕೊಡುತ್ತಿದ್ದರೆ ಏಸಿಯ ಕಾಯಿಲ್ (ಗಾಳಿ ತಂಪಾಗಿಸುವ ಕೊಳವೆ ಸುರುಳಿ) ಮೇಲೆ ಐಸ್ ಕಟ್ಟಬಹುದು.

ಈಗ ನಂಬರ್ ವಿಷಯ. ಮನೆಯ ಫಿಲ್ಟರ್‌ಗಳ ಮೇಲೆ ಇರುವ ಮರ್ವ್ (MERV) ರೇಟಿಂಗ್, ಅಂದರೆ ಫಿಲ್ಟರ್ ಎಷ್ಟು ಸಣ್ಣ ಕಣ ಹಿಡಿಯುತ್ತದೆ ಅನ್ನುವ ಅಳತೆ, 1ರಿಂದ 16ರವರೆಗೆ ಹೋಗುತ್ತದೆ. ಆಚೆ ಬದಿ ಕಾಣುವಂಥ ತೆಳು ಫೈಬರ್‌ಗ್ಲಾಸ್ ಫಿಲ್ಟರ್‌ಗಳು 4ರೊಳಗೇ ಇರುತ್ತವೆ. ಅವು ಯಂತ್ರಕ್ಕೆ ರಕ್ಷಣೆ, ನಿಮ್ಮ ಮೂಗಿಗಲ್ಲ. ಮರ್ವ್ 8 ಆದರೆ 3ರಿಂದ 10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ಕಣಗಳಲ್ಲಿ ಕನಿಷ್ಠ ಶೇ 70ರಷ್ಟನ್ನು ಹಿಡಿಯುತ್ತದೆ. ಪರಾಗ, ಮಾಮೂಲಿ ಧೂಳೆಲ್ಲ ಇದರಲ್ಲಿ ಬಂತು. ಹೊಗೆಯ ಕಣ ಇನ್ನೂ ಸಣ್ಣದು. ಮರ್ವ್ 13 ಆದರೆ 0.3ರಿಂದ 1 ಮೈಕ್ರಾನ್‌ವರೆಗಿನ ಕಣಗಳಲ್ಲಿ ಕನಿಷ್ಠ ಅರ್ಧದಷ್ಟನ್ನು ನಿಲ್ಲಿಸುತ್ತದೆ. ಅಸ್ತಮಾ ಇರುವವರು ಮನೆಯಲ್ಲಿದ್ದರೆ, ಕಾಡ್ಗಿಚ್ಚಿನ ಹೊಗೆ ಬರುವ ಕಡೆ ಇದ್ದರೆ 13 ಬೇಕು ಅನ್ನಿಸುವುದು ಸಹಜ, ಅಲ್ವಾ?

ಹಾಗಿದ್ದರೆ ನಂಬರ್‌ಗಿಂತ ಮೊದಲು ದಪ್ಪ ನೋಡಿ. ಇಡೀ ವಿಷಯದಲ್ಲಿ ನಾನು ಒತ್ತಿ ಹೇಳುವುದು ಇದನ್ನೇ. 1 ಇಂಚಿನ ಫಿಲ್ಟರ್‌ನಲ್ಲಿ ನೆರಿಗೆಗಳು ಚಿಕ್ಕವು. 4 ಇಂಚಿನದರಲ್ಲಿ ಅವು ಆಳವಾಗಿರುತ್ತವೆ, ಬಿಚ್ಚಿ ಹರಡಿದರೆ ಹಲವು ಪಟ್ಟು ಜಾಸ್ತಿ ಬಟ್ಟೆ ಸಿಗುತ್ತದೆ. ಅದೇ ಗಾಳಿ ಅಷ್ಟು ದೊಡ್ಡ ಜಾಗದಲ್ಲಿ ನಿಧಾನವಾಗಿ ಹಾದುಹೋಗುತ್ತದೆ. ಹಾಗಾಗಿ ಸಣ್ಣ ಧೂಳೂ ಸಿಗುತ್ತದೆ, ಗಾಳಿಗೆ ಅಡ್ಡಿಯೂ ಕಡಿಮೆ. ನಿಮ್ಮಲ್ಲಿರುವುದು 1 ಇಂಚಿನ ಜಾಗ ಮಾತ್ರ ಅಂದರೆ 8 ಹಾಕಿ, ಹೆಚ್ಚೆಂದರೆ 11. ಅದರಲ್ಲಿ 13 ಹಾಕುವ ಮೊದಲು ಮೆಕ್ಯಾನಿಕ್‌ನಿಂದ ಒತ್ತಡ ಅಳೆಸಿ. ಸಾಮಾನ್ಯ ಫರ್ನೇಸ್‌ಗಳು ಡಕ್ಟ್ (ಗಾಳಿ ಹೋಗುವ ಕೊಳವೆ), ಕಾಯಿಲ್, ಫಿಲ್ಟರ್ ಎಲ್ಲ ಸೇರಿ ಒಡ್ಡುವ ತಡೆ 0.5 ಇಂಚು ನೀರಿನ ಒತ್ತಡದಷ್ಟು, ಅಂದರೆ ಅರ್ಧ ಇಂಚು ಎತ್ತರದ ನೀರು ಒತ್ತುವಷ್ಟು, ಇರಲಿ ಅಂತ ಲೆಕ್ಕ ಹಾಕಿದವು. ಒತ್ತಾದ ತೆಳು ಫಿಲ್ಟರ್ ಒಂದೇ ಅದರಲ್ಲಿ ದೊಡ್ಡ ಪಾಲು ನುಂಗಿಬಿಡಬಹುದು. ಖರ್ಚು ಮಾಡುವ ಮನಸ್ಸಿದ್ದರೆ ವರ್ಷಾನುಗಟ್ಟಲೆ ದುಬಾರಿ ತೆಳು ಫಿಲ್ಟರ್ ಕೊಳ್ಳುವ ಬದಲು ಒಮ್ಮೆ 4 ಇಂಚಿನ ಪೆಟ್ಟಿಗೆ ಕೂರಿಸಿಕೊಳ್ಳಿ.

ಹೊಸ ಮಾದರಿಯ ಬ್ಲೋಯರ್ ಮೋಟಾರ್‌ಗಳಿದ್ದರೆ ತೊಂದರೆ ಬೇಗ ಗೊತ್ತಾಗುವುದಿಲ್ಲ. ಗಾಳಿ ಕಡಿಮೆಯಾದರೆ ಅವು ತಾವೇ ಜೋರಾಗಿ ತಿರುಗಿ ಸರಿದೂಗಿಸುತ್ತವೆ. ಸದ್ದೂ ಕರೆಂಟ್ ಬಿಲ್ಲೂ ಏರುತ್ತವೆ.

ಅಳತೆ ಸರಿಯಿರಲಿ. 16x25x1 (ಇಂಚುಗಳಲ್ಲಿ) ಅಂತ ಬರೆದಿದ್ದರೂ ನಿಜವಾದ ಅಳತೆ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಇರುತ್ತದೆ, ಅದು ಸರಿಯೇ. ಆದರೆ ಸಡಿಲವಾಗಿ ಅಲ್ಲಾಡಬಾರದು. ಹಳೆಯದನ್ನು ತೆಗೆದಾಗ ಅದರ ರಟ್ಟಿನ ಚೌಕಟ್ಟು ನೋಡಿ. ಅಂಚಿನ ಹೊರಬದಿಯಲ್ಲಿ ಬೂದು ಗೆರೆಗಳು ಮೂಡಿದ್ದರೆ ಗಾಳಿ ಪಕ್ಕದಿಂದ ನುಸುಳಿದೆ ಅಂತ. ಆ ಗಾಳಿಗೆ ಮರ್ವ್ 13 ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಫಿಲ್ಟರ್ ನಡುವೆ ಬಾಗಿದ್ದರೆ, ಸಂದಿಯಿಂದ ಸಿಳ್ಳೆಯಂಥ ಸದ್ದು ಬರುತ್ತಿದ್ದರೆ, ಬ್ಲೋಯರ್ ಒದ್ದಾಡುತ್ತಿದೆ. ಬಾಣದ ಗುರುತು ಫರ್ನೇಸ್ ಕಡೆಗೇ ಇರಬೇಕು.

1 ಇಂಚಿನದನ್ನು ತಿಂಗಳಿಗೊಮ್ಮೆ ನೋಡಿ, ಮೂರು ತಿಂಗಳು ದಾಟಿಸಬೇಡಿ. ನಾಯಿ, ಬೆಕ್ಕು ಇದ್ದರೆ ಇನ್ನೂ ಬೇಗ ತುಂಬುತ್ತದೆ. 4 ಇಂಚಿನದು ಆರು ತಿಂಗಳಿಂದ ಒಂದು ವರ್ಷ ಬಾಳುತ್ತದೆ. ಫ್ಯಾನ್ ತಿರುಗಿದರೆ ಮಾತ್ರ ಫಿಲ್ಟರ್ ಕೆಲಸ ಮಾಡುತ್ತದೆ, ಹೊಗೆಯ ದಿನಗಳಲ್ಲಿ ಥರ್ಮೋಸ್ಟಾಟ್‌ನಲ್ಲಿ ಫ್ಯಾನನ್ನು ಆಟೋ ಬದಲು ಆನ್‌ಗೆ ಇಡಿ.

ಉರಿಯುವ ಬೆಂಕಿಯಿಂದ ಬರಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡನ್ನು ಮಾತ್ರ ಯಾವ ಧೂಳಿನ ಫಿಲ್ಟರೂ ತಡೆಯುವುದಿಲ್ಲ. ಅದಕ್ಕೆ ಅಲಾರಂ ಬೇರೆ ಬೇಕು, ಮಲಗುವ ಕೋಣೆಗಳ ಹತ್ತಿರವೇ ಇರಬೇಕು.