ಬೀಟಲ್‌ನ ಹಿಂಚಕ್ರ: ಸ್ವಿಂಗ್ ಆಕ್ಸಲ್ ತೆಗೆದು ಐಆರ್‌ಎಸ್ ಕೂರಿಸುವುದು

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ಗಳಲ್ಲಿ ಹಿಂದೆ ಇರುವುದು ಸ್ವಿಂಗ್ ಆಕ್ಸಲ್. ಅಮೆರಿಕದಲ್ಲಿ ಮಾರಿದ ಬೀಟಲ್‌ಗಳಿಗೆ 1969ರ ಮಾದರಿಯಿಂದ ಐಆರ್‌ಎಸ್, ಅಂದರೆ ಇಂಡಿಪೆಂಡೆಂಟ್ ರಿಯರ್ ಸಸ್ಪೆನ್ಷನ್ (ಹಿಂದಿನ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುವ ವ್ಯವಸ್ಥೆ) ಬಂತು. ಈ ಹೆಸರು ನನ್ನನ್ನು ತುಂಬ ದಿನ ದಾರಿ ತಪ್ಪಿಸಿತ್ತು. ಸ್ವಿಂಗ್ ಆಕ್ಸಲ್‌ನಲ್ಲೂ ಎರಡು ಚಕ್ರಗಳು ಬೇರೆ ಬೇರೆಯಾಗಿಯೇ ಏರಿಳಿಯುತ್ತವೆ. ನಿಜವಾದ ವ್ಯತ್ಯಾಸ ಇರುವುದು ಜಾಯಿಂಟ್‌ಗಳಲ್ಲಿ.

ಒಂದು ಕೈಯನ್ನು ಪಕ್ಕಕ್ಕೆ ನೇರವಾಗಿ ಚಾಚಿ. ಗೋಡೆ ತಳ್ಳುವ ಹಾಗೆ ಅಂಗೈ ಎತ್ತಿ ಹಿಡಿಯಿರಿ. ಈಗ ಮಣಿಕಟ್ಟು ಅಲುಗಿಸದೆ ಭುಜದಿಂದ ಮಾತ್ರ ಕೈ ಮೇಲೆ ಕೆಳಗೆ ಆಡಿಸಿ. ಅಂಗೈ ವಾಲುತ್ತದೆ ಅಲ್ವಾ? ಸ್ವಿಂಗ್ ಆಕ್ಸಲ್ ಹೀಗೇ. ಗೇರ್‌ಬಾಕ್ಸ್ ಬಳಿ ಮಾತ್ರ ಜಾಯಿಂಟ್. ಜೋರಾಗಿ ತಿರುಗಿಸಿದರೆ ಕಾರಿನ ಹಿಂಭಾಗ ಮೇಲೆದ್ದು, ಹೊರಬದಿಯ ಚಕ್ರದ ಬುಡ ಒಳಕ್ಕೆ ಮಡಚಿಕೊಳ್ಳಬಹುದು. ಟೈರಿನ ಹಿಡಿತ ಥಟ್ಟನೆ ತಪ್ಪುತ್ತದೆ. ಐಆರ್‌ಎಸ್‌ನಲ್ಲಿ ಮಣಿಕಟ್ಟಿನ ಜಾಗದಲ್ಲೂ ಒಂದು ಸಿವಿ ಜಾಯಿಂಟ್ (ಬಾಗಿದಾಗಲೂ ಒಂದೇ ವೇಗದಲ್ಲಿ ತಿರುಗುವ ಕೀಲು) ಇದೆ. ಚಕ್ರವನ್ನು ಹಿಡಿದಿಡುವ ಕೆಲಸ ಓರೆಯಾಗಿ ಕೂತ ಟ್ರೇಲಿಂಗ್ ಆರ್ಮ್, ಅಂದರೆ ಹಿಂದಕ್ಕೆ ಚಾಚಿದ ತೋಳಿನದು.

ಹಾಗಾಗಿ ಸುಮ್ನೆ ಆರ್ಮ್ ತಂದು ಬೋಲ್ಟ್ ಹಾಕಿದರೆ ಆಗುವುದಿಲ್ಲ. ಐಆರ್‌ಎಸ್‌ಗೆ ಹೊಂದುವ ಗೇರ್‌ಬಾಕ್ಸ್ ಬೇಕು, ಸಿವಿ ಶಾಫ್ಟ್‌ಗಳೂ ಬೇಕು. ಎಲ್ಲಕ್ಕಿಂತ ಮುಖ್ಯ, ಆರ್ಮ್‌ನ ಒಳತುದಿ ಹಿಡಿಯುವ ಬ್ರಾಕೆಟ್. ಹಳೆ ಚಾಸಿಯ ಟಾರ್ಷನ್ ಟ್ಯೂಬ್ (ಸ್ಪ್ರಿಂಗ್ ಕೆಲಸ ಮಾಡುವ ಸರಳುಗಳು ಒಳಗಿರುವ ಅಡ್ಡ ಕೊಳವೆ) ಮೇಲೆ ಅದು ಇರುವುದಿಲ್ಲ, ವೆಲ್ಡ್ ಮಾಡಬೇಕು. ಅದು ಕೂತ ಜಾಗದ ಮೇಲೆ ಚಕ್ರದ ಓಲುವಿಕೆ, ದಿಕ್ಕು ಎರಡೂ ನಿಂತಿವೆ. ಕಣ್ಣಳತೆ ಬೇಡವೇ ಬೇಡ, ಜಿಗ್ (ಭಾಗವನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಚೌಕಟ್ಟು) ಇಟ್ಟೇ ಮಾಡಿ. ವೆಲ್ಡಿಂಗ್ ಬಿಸಿಗೆ ಲೋಹ ಎಳೆದುಕೊಳ್ಳುತ್ತದೆ. ಮೊದಲು ಅಲ್ಲಲ್ಲಿ ಚಿಕ್ಕ ಟ್ಯಾಕ್ (ತಾತ್ಕಾಲಿಕ ಬೆಸುಗೆ) ಹಾಕಿ, ಅಳೆದು, ಆಮೇಲೆ ಪೂರ್ತಿ ಬೆಸೆಯಿರಿ.

ಚಕ್ರದ ಬೋಲ್ಟ್ ಎಣಿಸಿ ನೋಡಿ. 1967ರವರೆಗಿನ ಅಮೆರಿಕದ ಬೀಟಲ್‌ಗೆ 5 ಬೋಲ್ಟ್, 205 ಮಿ.ಮೀ. ವೃತ್ತದಲ್ಲಿ. 1969ರ ಅಮೆರಿಕದ ಕಾರಿಗೆ 4 ಬೋಲ್ಟ್, 130 ಮಿ.ಮೀ. ಹೊಸ ಭಾಗಗಳನ್ನು ಬ್ರೇಕ್ ಡ್ರಮ್ ಸಮೇತ ತಂದರೆ ಮುಂದೊಂದು, ಹಿಂದೊಂದು ರಿಮ್ ಆಗುತ್ತದೆ.

ಕಾರಿನ ಹಿಂಭಾಗದ ಎತ್ತರ ಹೊಂದಿಸುವ ಬಗೆ ನನಗೆ ಬಹಳ ಇಷ್ಟ. ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಟಾರ್ಷನ್ ಬಾರ್‌ನ ಒಳತುದಿಗೆ 40 ಹಲ್ಲು, ಹೊರತುದಿಗೆ 44. ಒಳಗೆ ಒಂದು ಹಲ್ಲು ತಿರುಗಿಸಿದರೆ 9 ಡಿಗ್ರಿ. ಹೊರಗೆ ಒಂದು ಹಲ್ಲು ಹಿಂದಕ್ಕೆ ತಂದರೆ ಸುಮಾರು 8.2 ಡಿಗ್ರಿ. ಉಳಿಯುವುದು 0.8 ಡಿಗ್ರಿ ಮಾತ್ರ. ದಪ್ಪ ಹಲ್ಲುಗಳಿಂದ ಇಷ್ಟು ಸೂಕ್ಷ್ಮ ಹೊಂದಾಣಿಕೆ! ಆದರೆ ಬಾರ್‌ನ ಹೊರತುದಿಗೆ ಕೂತ ಉಕ್ಕಿನ ಪಟ್ಟಿ, ಅಂದರೆ ಸ್ಪ್ರಿಂಗ್ ಪ್ಲೇಟ್, ತಡೆಯಿಂದ ಜಾರಿದರೆ ರಭಸದಿಂದ ಕೆಳಕ್ಕೆ ಬಡಿಯುತ್ತದೆ. ಕೆಳಗೆ ಜ್ಯಾಕ್ ಕೊಟ್ಟೇ ಬಿಡಿಸಿ.

ಕಾರು ಇಳಿಸಿದ ಕೂಡಲೇ ಎತ್ತರ ಅಳೆಯಬೇಡಿ. ಜ್ಯಾಕ್ ಮೇಲಿದ್ದಾಗ ಜೋತುಬಿದ್ದ ಚಕ್ರ ನೆಲ ಮುಟ್ಟಿದರೂ ತಕ್ಷಣ ತನ್ನ ಜಾಗಕ್ಕೆ ಬರುವುದಿಲ್ಲ. ಕೆಲವು ಮೀಟರ್ ಹಿಂದೆ ಮುಂದೆ ಉರುಳಿಸಿ, ಆಮೇಲೆ ಟೇಪ್ ಹಿಡಿಯಿರಿ.